ಪುಟ್ಟಮಾದನ ಲೋಟ

ನಮ್ಮೂರ ಸ್ಟೇಷನ್ನಿಗೆ ಎಂದಾದರೂ ಬಂದರೆ ಹೆಂಗಸರು ಕೂರುವ ಕೋಣೆಗೆ ಮಾತ್ರ ಹೋಗಬೇಡಿ. ಅಲ್ಲಿ ಗೋಡೆಯ ಮೇಲೆ ನನ್ನ ಫೋಟೋ ಇದೆ. ತಲೆ ತುಂಬ ಸೆರಗು, ಸೊಂಟದ ಮೇಲೆ ಮಜ್ಜಿಗೆಯ ಕೊಡ, ಮುಖದಲ್ಲಿ ಜಗತ್ತಿಗೆಲ್ಲ ನಾನೇ ತಾಯಿ ಎನ್ನುವ ಕಳೆ. ಕೆಳಗೆ 'ಸಿಪಾಯಿಗಳ ತಾಯಿ ನಿಂಬೆವ್ವ' ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಜೀವಂತ ಇರುವವಳ ಫೋಟೋಕ್ಕೆ ಹಾರ ಹಾಕಬಾರದು ಎಂಬ ತಿಳಿವಳಿಕೆಯೂ ಇಲ್ಲದ ಜನ ವರ್ಷಕ್ಕೊಂದು ಹಾರ ಹಾಕಿ, ಕೈಮುಗಿದು ಹೋಗುತ್ತಾರೆ. ನಾನು ಆ ಕೋಣೆಗೆ ಕಾಲಿಟ್ಟು ಹನ್ನೆರಡು ವರ್ಷವಾಯಿತು. ಆ ಫೋಟೋದ ಹೆಂಗಸು ಎಂಥವಳು ಎಂದು ಈ ಊರಲ್ಲಿ ಗೊತ್ತಿರುವುದು ಇಬ್ಬರಿಗೇ. ಒಬ್ಬಳು ನಾನು, ಇನ್ನೊಬ್ಬಳು ಪಕ್ಕದ ಮನೆಯ ತುಳಜವ್ವ. ಅವಳು ಸತ್ತರೂ ಬಾಯಿ ಬಿಡುವವಳಲ್ಲ. ಅದಕ್ಕೇ ನಾನೇ ಹೇಳುತ್ತೇನೆ, ಕೇಳಿ ಆದ ಮೇಲೆ ನೀವು ನನ್ನನ್ನು ಉಗಿದರೂ ಸರಿ.

ನಮ್ಮೂರಲ್ಲಿ ಹಿತ್ತಾಳೆಯ ಲೋಟದಲ್ಲಿ ಯಾರಾದರೂ ಕುಡಿದರೆ, ಕುಡಿದವರು ಬದುಕಿರುವ ತನಕ ಆ ಲೋಟ ಬೆಚ್ಚಗಿರುತ್ತದೆ. ಕುಡಿದದ್ದು ಬಾವಿಯ ನೀರಾಗಲಿ, ತಣ್ಣನೆಯ ಮಜ್ಜಿಗೆಯಾಗಲಿ, ಕೆಳಗಿಟ್ಟ ಗಳಿಗೆಯಿಂದ ಲೋಟ ಮೆಲ್ಲಗೆ ಬಿಸಿಯೇರಿ, ಮಲಗಿದ ಮಗುವಿನ ಅಂಗೈಯಷ್ಟಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ನಮ್ಮಲ್ಲಿ ಒಂದು ಲೋಟ ಒಂದೇ ಬಾಯಿಗೆ. ಬೇರೆ ಊರಲ್ಲಿ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸುತ್ತಾರೆ, ನಾವು ಕುಡಿದವರ ಹೆಸರು ಕೊರೆಯುತ್ತೇವೆ. ಚಳಿಗಾಲದಲ್ಲಿ ನಮ್ಮೂರ ಬೆಕ್ಕುಗಳೆಲ್ಲ ಗೋಡೆಯಲ್ಲಿ ಲೋಟ ಇಡುವ ಮಾಡದಲ್ಲೇ ಮಲಗುವುದು. ಹೆಂಡತಿಯನ್ನು ಬಿಟ್ಟು ಓಡಿಹೋದ ಗಂಡಸರ ಲೋಟವನ್ನು ಹೆಂಗಸರು ಮುಟ್ಟಿ ನೋಡಿ, "ಬೆಚ್ಚಗ ಅದಾನ ಮೂಳ, ಎಲ್ಲೋ ಉಂಡ್ಕೋಂತ ಕುಂತಾನ" ಎಂದು ಬೈದು ಕೆಲಸಕ್ಕೆ ಹೋಗುತ್ತಾರೆ. ಕುಡಿದವರಿಗೆ ಜ್ವರ ಬಂದರೆ ಲೋಟವೂ ಸುಡುತ್ತದೆ. ಇದೆಲ್ಲ ನಮಗೆ ವಿಶೇಷವೇನಲ್ಲ.

ಲೋಟ ತಣ್ಣಗಾದರೆ ಮಾಡಬೇಕಾದ ಒಂದು ಕ್ರಮವಿದೆ. ಅದನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಮೂರು ದಿನ ಬೋರಲು ಹಾಕಬೇಕು. ಸತ್ತವರು ದೂರದವರಾದರೆ ಅವರ ಮನೆಗೆ ಕಾರ್ಡು ಬರೆಯಬೇಕು. ಕಾರ್ಡಿನಲ್ಲಿ ಬೇರೇನಿಲ್ಲದಿದ್ದರೂ ದಿನ ಇರಲೇಬೇಕು. ದಿನ ಗೊತ್ತಿಲ್ಲದಿದ್ದರೆ ಆ ಮನೆಯವರು ವರ್ಷಾಂತ ಮಾಡುವುದು ಯಾವತ್ತು, ಸತ್ತವನ ಹೆಸರಲ್ಲಿ ಎಡೆ ಇಡುವುದು ಯಾವತ್ತು? ಅದಕ್ಕೇ ಹಿರಿಯರು ಹೇಳಿದ್ದು, ಮುಂಜಾನೆ ಎದ್ದು ಮುಖ ತೊಳೆಯುವ ಮೊದಲು ಲೋಟಗಳನ್ನು ಮುಟ್ಟಿ ನೋಡಬೇಕು ಅಂತ. ಒಂದು ದಿನ ತಪ್ಪಿಸಿದರೂ ತಪ್ಪಿಸಿದ್ದೇ.

ಯುದ್ಧ ಶುರುವಾದ ವರ್ಷ ಮಂಗಳವಾರ ಮತ್ತು ಶನಿವಾರ ಮಧ್ಯಾಹ್ನ ಸಿಪಾಯಿಗಳ ರೈಲು ನಮ್ಮೂರ ಮೇಲೆ ಹಾದುಹೋಗತೊಡಗಿತು. ಇಂಜಿನ್ನಿಗೆ ನೀರು ತುಂಬಲು ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಒಂದು ದಿನ ತುಳಜವ್ವ ಕಟ್ಟಿಗೆ ಹೊರೆ ಹೊತ್ತು ಆ ಕಡೆಯಿಂದ ಬರುವಾಗ, ಇಂಜಿನ್ನಿಗೆ ನೀರು ಬಿಡುವ ಕೊಳವೆಯ ಕೆಳಗೆ ಇಬ್ಬರು ಸಿಪಾಯಿಗಳು ಬೊಗಸೆಯೊಡ್ಡಿ ಮಸಿ ಬೆರೆತ ನೀರು ಕುಡಿಯುವುದನ್ನು ನೋಡಿದಳಂತೆ. ಹೊರೆಯನ್ನು ಅಲ್ಲೇ ಚೆಲ್ಲಿ, ಓಡಿಬಂದು, ಮನೆಯಲ್ಲಿದ್ದ ಮಜ್ಜಿಗೆ ಗಡಿಗೆಯನ್ನೂ ಹೊಸ ಲೋಟ ಎರಡನ್ನೂ ಎತ್ತಿಕೊಂಡು ಹೋದಳು. ಹಾಗೆ ಶುರುವಾದದ್ದು ಅದು. ಶುರು ಮಾಡಿದವಳು ತುಳಜವ್ವ, ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಾತಿನ ಭರದಲ್ಲಿ ಮರೆತೇನು.

ಮುಂದಿನ ಶನಿವಾರಕ್ಕೆ ಊರಿನ ಅರ್ಧ ಹೆಂಗಸರು ಪ್ಲಾಟ್‌ಫಾರ್ಮಿನಲ್ಲಿದ್ದರು. ನಾನು ಸ್ಟೇಷನ್ನಿನ ಎದುರು ಖಾನಾವಳಿ ನಡೆಸುವವಳು, ಗಂಡ ತೀರಿಹೋಗಿ ಆಗಲೇ ಒಂಬತ್ತು ವರ್ಷ, ಮಕ್ಕಳಿಲ್ಲ. ನನ್ನಷ್ಟು ಮಜ್ಜಿಗೆ ಕಡೆಯುವ ಕೈ ಯಾರದಿತ್ತು? ಕೊಡಗಟ್ಟಲೆ ಹೊತ್ತುಕೊಂಡು ಹೋದೆ. ಲೋಟ ಸಾಲದೆ ಜನ ದೇವರ ಮುಂದಿನ ಪಂಚಪಾತ್ರೆ ತಂದರು, ಮದುವೆಯಲ್ಲಿ ಬಂದು ಅಟ್ಟ ಸೇರಿದ್ದ ಲೋಟಗಳನ್ನೆಲ್ಲ ಇಳಿಸಿ ಕಲಾಯಿ ಹಾಕಿಸಿದರು. ಲೋಟ ಮುಗಿದ ಮೇಲೆ ಬಂದವರಿಗೆ ಬೊಗಸೆಗೇ ಸುರಿಯುತ್ತಿದ್ದೆವು. ಕುಡಿದವರ ಹೆಸರು, ಊರು ಕೇಳಿಕೊಂಡು ಮನೆಗೆ ಬಂದು ಮೊಳೆಯಿಂದ ಕೊರೆಯುತ್ತಿದ್ದೆವು. ನಮ್ಮೂರ ಗುಣ ಸಿಪಾಯಿಗಳಿಗೂ ತಿಳಿಯಿತು. ಅವರು ಮನೆಗೆ ಬರೆದರು. ಎಲ್ಲೆಲ್ಲಿಂದಲೋ ತಾಯಂದಿರ ಕಾರ್ಡು ಬರತೊಡಗಿದವು: ನಮ್ಮ ಹುಡುಗನ ಲೋಟ ಬೆಚ್ಚಗಿದೆಯೇ? ನಾವು ಮುಟ್ಟಿ ನೋಡಿ, ಬೆಚ್ಚಗಿದೆ ತಾಯಿ, ನಿಶ್ಚಿಂತೆಯಿಂದಿರಿ ಎಂದು ಬರೆಯುತ್ತಿದ್ದೆವು. ಆ ದಿನಗಳಲ್ಲಿ ನಮ್ಮೂರು ಒಳ್ಳೆಯ ಊರಾಗಿತ್ತು. ನಾನೂ ಒಳ್ಳೆಯವಳೇ ಆಗಿದ್ದೆ, ಸುಳ್ಳೇಕೆ ಹೇಳಲಿ.

ಪುಟ್ಟಮಾದ ಬಂದದ್ದು ಯುಗಾದಿ ಕಳೆದ ಮೊದಲ ಮಂಗಳವಾರ. ತೆಂಕಣ ಸೀಮೆಯವನು. ಕಪ್ಪಗೆ, ತೆಳ್ಳಗೆ, ಕಿವಿ ಮಾತ್ರ ದೊಡ್ಡವು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೇ ಉಸಿರಿಗೆ ಕುಡಿದು, ಮೀಸೆಗಂಟಿದ ಮಜ್ಜಿಗೆಯನ್ನು ತೋಳಿನಿಂದ ಒರೆಸಿಕೊಂಡು ಅಂದ: "ಉಪ್ಪು ವಸಿ ಜಾಸ್ತಿ ಆಗದೆ ಕಣವ್ವ."

ಊರೆಲ್ಲ ಹೊಗಳುವ ನನ್ನ ಮಜ್ಜಿಗೆಗೆ ಹೀಗನ್ನಬೇಕೆ! "ಸುಮ್ನ ಕುಡಿಯೋ ಮಾರಾಯಾ, ಬಿಟ್ಟಿ ಮಜ್ಜಿಗಿಗೆ ಇಷ್ಟು ಮಾತ ಯಾಕ?" ಎಂದೆ.

"ಬಿಟ್ಟಿ ಅಂತ ಸುಳ್ಳು ಹೇಳಾನ? ನಮ್ಮವ್ವ ಇದಕ್ಕಿಂತ ಸಂದಾಗಿ ಮಾಡ್ತಾಳೆ. ಆದ್ರೂ ಇನ್ನೊಂದು ಲೋಟ ಕೊಡಿ" ಎಂದು ನಕ್ಕ. ಅದೇ ಲೋಟಕ್ಕೆ ಮತ್ತೆ ತುಂಬಿದೆ, ಅದನ್ನೂ ಕುಡಿದ. ರೈಲು ಹೊರಟಾಗ ಬಾಗಿಲಲ್ಲಿ ನಿಂತು, "ಬರ್ತಾ ಬತ್ತೀನಿ, ಉಪ್ಪು ಕಮ್ಮಿ ಹಾಕಿರವ್ವ!" ಎಂದು ಕೂಗಿದ. ಪ್ಲಾಟ್‌ಫಾರ್ಮೆಲ್ಲ ನಕ್ಕಿತು. ಮನೆಗೆ ಬಂದು ಅವನ ಹೆಸರು ಕೊರೆಯುವಾಗ ನನಗೂ ನಗು ಬಂತು.

ಯುದ್ಧ ಬಿಸಿಯೇರಿತು. ಊರಲ್ಲಿ ಕಟ್ಟೆಗಳ ಮೇಲೆ ಬೋರಲು ಲೋಟಗಳು ಕಾಣತೊಡಗಿದವು. ತುಳಜವ್ವನ ಕಟ್ಟೆಯ ಮೇಲೆ ಮೊದಲು ಒಂದು, ಆಮೇಲೆ ಎರಡು, ಮುಂಗಾರು ಕೂಡುವುದರೊಳಗೆ ಏಳು. ಪ್ರತಿ ಸಲವೂ ಅವಳು ಲೋಟವನ್ನು ತೊಳೆದು, ಒರೆಸಿ, ಬೋರಲು ಹಾಕಿ, ನನ್ನ ಹತ್ತಿರ ಬಂದು ಕಾರ್ಡು ಬರೆಸಿಕೊಂಡು ಹೋಗುತ್ತಿದ್ದಳು. ಅವಳಿಗೆ ಅಕ್ಷರ ಬಾರದು. "ಯಾವ ದಿನ ಅಂತ ಬರಿ, ಮರಿಬ್ಯಾಡ" ಎನ್ನುತ್ತಿದ್ದಳು. ನನ್ನ ಮಾಡದಲ್ಲಿ ಮೂವತ್ತೊಂದು ಲೋಟಗಳು, ಮೂವತ್ತೊಂದೂ ಬೆಚ್ಚಗೆ. ಮೊದಲು ಯಾರು ಅಂದರೋ ಗೊತ್ತಿಲ್ಲ, ನಿಂಬೆವ್ವನ ಕೈಗುಣ ದೊಡ್ಡದು, ಅವಳ ಕೈಯಲ್ಲಿ ಕುಡಿದವನಿಗೆ ಗುಂಡು ತಗಲುವುದಿಲ್ಲ ಎಂದು ಒಂದು ಮಾತು ಹುಟ್ಟಿತು. ರೈಲಿನಿಂದ ರೈಲಿಗೆ ಆ ಮಾತು ಹೋಯಿತು. ಆಮೇಲೆ ಏನು ಕೇಳುತ್ತೀರಿ! ರೈಲು ನಿಲ್ಲುವ ಮೊದಲೇ ಸಿಪಾಯಿಗಳು ಜಿಗಿದು, "ನಿಂಬೆವ್ವ ಎಲ್ಲಿ? ನಿಂಬೆವ್ವ ಯಾರು?" ಎಂದು ನನ್ನ ಕಡೆಗೇ ಓಡಿಬರುತ್ತಿದ್ದರು. ಕಾಲು ಮುಟ್ಟುತ್ತಿದ್ದರು. ಗಡ್ಡ ಮೀಸೆಯ ಹವಾಲ್ದಾರರು ನನ್ನ ಸೆರಗು ಕಣ್ಣಿಗೊತ್ತಿಕೊಂಡರು.

ಹತ್ತು ಮಾರು ಆಚೆ ತುಳಜವ್ವ ತುಂಬಿದ ಗಡಿಗೆ ಇಟ್ಟುಕೊಂಡು ನಿಂತಿರುತ್ತಿದ್ದಳು. ಅವಳ ಕೈ ತಣ್ಣನೆಯ ಕೈ ಎಂದು ಹೆಸರಾಗಿತ್ತು. ಅವಳು ಲೋಟ ಚಾಚಿದರೆ ಸಿಪಾಯಿಗಳು ಕಣ್ಣು ತಪ್ಪಿಸಿ ಮುಂದೆ ಹೋಗುತ್ತಿದ್ದರು. ಒಬ್ಬ ಹುಡುಗ ಗೊತ್ತಿಲ್ಲದೆ ಅವಳ ಲೋಟ ಹಿಡಿದಿದ್ದ, ಜೊತೆಯವನು ಅದನ್ನು ಕಿತ್ತು ಕೆಳಗಿಡಿಸಿದ. ನಾನು ನೋಡಿದೆ. ನೋಡಿ, ನನ್ನ ಕೊಡದಿಂದ ಅವನಿಗೆ ಬಗ್ಗಿಸಿ ಕೊಟ್ಟೆ. ತುಳಜವ್ವ ಮಜ್ಜಿಗೆಯನ್ನು ಹಾಗೇ ಹೊತ್ತು ಮನೆಗೆ ಹೋಗಿ ದನದ ಬಾನಿಗೆ ಸುರಿಯುತ್ತಿದ್ದಳು, ಮತ್ತೆ ಶನಿವಾರಕ್ಕೆ ಹೊಸದಾಗಿ ಕಡೆದು ತರುತ್ತಿದ್ದಳು. "ಯಾಕ ಬರ್ತೀಯವಾ, ಸುಮ್ನ ಕಾಲ ನೋವು" ಎಂದು ನಾನು ಒಂದು ದಿನ ಅಂದೆ. "ಯಾರಿಗರ ನೀರಡಿಕಿ ಬಾಳ ಆಗಿದ್ರ ಕುಡದಾರು" ಎಂದಳು. ಅಷ್ಟೇ.

ಹೊಗಳಿಕೆಗೆ ಉಬ್ಬಿದವಳಿಗೆ ಮೈಮೇಲೆ ಎಚ್ಚರವಿರುತ್ತದೆಯೇ? ಲೋಟ ನೋಡಲು ದಿನವೂ ಜನ, ಅಕ್ಕಪಕ್ಕದ ಊರಿನವರು, ದೂರದವರು. ಅವರಿಗೆ ಮಾಡ ತೋರಿಸುವುದು, ಕಥೆ ಹೇಳುವುದು, ಅಡುಗೆ ಬೇರೆ. ಮುಂಜಾನೆ ಮುಟ್ಟಿ ನೋಡುವುದು ಇವತ್ತು ತಪ್ಪಿತು, ನಾಳೆ ತಪ್ಪಿತು. ನನ್ನ ಲೋಟ ತಣ್ಣಗಾಗುತ್ತದೆಯೇ ಎಂಬ ಸೊಕ್ಕು ಬೇರೆ. ನಾಗರಪಂಚಮಿಯ ಮುಂಚೆ ಮಾಡ ಸಾರಿಸಲೆಂದು ಲೋಟಗಳನ್ನು ತೆಗೆದಿಡುವಾಗ ಒಂದು ಲೋಟ ಕೈಗೆ ತಣ್ಣಗೆ ಹತ್ತಿತು. ಪುಟ್ಟಮಾದ. ಕೊನೆಯ ಸಲ ಮುಟ್ಟಿ ನೋಡಿದ್ದು ಯಾವತ್ತು ಎಂದು ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ. ಎಂಟು ದಿನವೋ, ಹದಿನೈದು ದಿನವೋ.

ಅವತ್ತು ಶನಿವಾರ. ಇನ್ನು ಎರಡು ತಾಸಿಗೆ ರೈಲು. ನನ್ನ ಕೈಯಿಂದ ಕುಡಿದರೆ ಬದುಕುತ್ತೇವೆ ಎಂದು ನಂಬಿದ ಮುನ್ನೂರು ಜನ ಬರುವವರಿದ್ದಾರೆ. ಕಟ್ಟೆಯ ಮೇಲೆ ಲೋಟ ಬೋರಲು ಹಾಕಿದರೆ ಅವರ ಧೈರ್ಯ ಏನಾದೀತು? ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಚಂದದ ಕಾರಣ ನೋಡಿ! ಸಿಪಾಯಿಗಳ ಧೈರ್ಯವಂತೆ. ನಿಜ ಹೇಳುತ್ತೇನೆ, ನನಗೆ ಕಂಡದ್ದು ಸಿಪಾಯಿಗಳ ಮುಖವಲ್ಲ. ತುಂಬಿದ ಗಡಿಗೆ ಇಟ್ಟುಕೊಂಡು ಒಬ್ಬಳೇ ನಿಂತ ತುಳಜವ್ವ ಕಂಡಳು. ಅವಳ ಪಕ್ಕದಲ್ಲಿ ನಾನು. ಅದು ನನ್ನ ಕೈಲಿ ಆಗುತ್ತಿರಲಿಲ್ಲ. ಲೋಟವನ್ನು ಒಲೆಯ ಹಿಂದಿನ ಗೂಡಿನಲ್ಲಿಟ್ಟೆ. ಅಲ್ಲಿ ಇಡೀ ದಿನ ಒಲೆಯ ಕಾವು ಇರುತ್ತದೆ. ಮಧ್ಯಾಹ್ನ ಜನ ಬಂದಾಗ ಅದನ್ನು ಉಳಿದವುಗಳ ನಡುವೆ ತಂದಿಟ್ಟೆ. ಮುಟ್ಟಿದವರು, "ಬೆಚ್ಚಗೈತಿ ನೋಡ್ರಿ!" ಎಂದು ಹಣೆಗೆ ಹಚ್ಚಿಕೊಂಡರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ ನಾನು ನಿಂತಿದ್ದೆ.

ಅಲ್ಲಿಂದ ಮುಂದೆ ಹೆದರಿಕೆಗೆ ದಿನವೂ ಮುಟ್ಟಿ ನೋಡುತ್ತಿದ್ದೆ. ಇನ್ನೂ ನಾಲ್ಕು ತಣ್ಣಗಾದವು. ಅವುಗಳ ದಿನ ಗುರುತು ಹಾಕಿಟ್ಟುಕೊಂಡೆ, ಆದರೆ ಯಾರಿಗೂ ಹೇಳಲಿಲ್ಲ. ಒಲೆಯ ಗೂಡು ತುಂಬಿತು. ಪುಟ್ಟಮಾದನ ತಾಯಿಯಿಂದ ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ಯಾರೋ ಮೇಷ್ಟರ ಕೈಯಲ್ಲಿ ಬರೆಸಿದ್ದು, ಕೆಳಗೆ 'ಸಣ್ಣತಾಯಮ್ಮನ ಹೆಬ್ಬೆಟ್ಟು'. 'ನನ್ನ ಮಗನ ಕಾಗದ ಬಂದಿಲ್ಲ. ಲೋಟ ಹೆಂಗದೆ ತಿಳಿಸಬೇಕು.' ಶ್ರಾವಣದಲ್ಲಿ ಬರೆದೆ, ಬೆಚ್ಚಗಿದೆ. ಭಾದ್ರಪದದಲ್ಲಿ ಬರೆದೆ, ಬೆಚ್ಚಗಿದೆ. ಮೂರನೆಯ ಕಾರ್ಡಿಗೆ ಉತ್ತರವನ್ನು ರೊಟ್ಟಿ ಬಡಿಯುವ ನಡುವೆಯೇ ಬರೆದು ಮುಗಿಸಿದೆ. ಸುಳ್ಳು ರೂಢಿಯಾದರೆ ಅದೂ ಒಂದು ಮನೆಗೆಲಸ.

ದಸರೆ ಕಳೆದ ವಾರ, ಬೆಳಗಿನ ಹತ್ತರ ಗಾಡಿ ಬಂದುಹೋದ ಸ್ವಲ್ಪ ಹೊತ್ತಿಗೆ ತುಳಜವ್ವ ನನ್ನ ಬಾಗಿಲಿಗೆ ಬಂದಳು. ಜೊತೆಗೊಬ್ಬ ಹೆಂಗಸು. ಕುಳ್ಳಗೆ, ಕಂಕುಳಲ್ಲಿ ಬಟ್ಟೆಗಂಟು, ಪಾದದಿಂದ ಮೊಣಕಾಲ ತನಕ ಧೂಳು. ಕಿವಿಗಳು ದೊಡ್ಡವು. ಹೆಸರು ಹೇಳುವ ಮೊದಲೇ ನನಗೆ ಗೊತ್ತಾಯಿತು.

"ಸ್ಟೇಷನ್ನಿನಾಗ ನಿನ್ನ ಮನಿ ಕೇಳ್ಕೋಂತ ನಿಂತಿದ್ರು, ಕರ್ಕೊಂಡ ಬಂದೆ. ಇವ್ರ ಮಗ ನಿನ್ನ ಕೈಯಾಗ ಕುಡದಾನಂತ" ಎಂದಳು ತುಳಜವ್ವ.

"ನಾನು ಸಣ್ಣತಾಯಮ್ಮ ಕಣವ್ವ. ಪುಟ್ಟಮಾದನ ತಾಯಿ. ಎರಡು ದಿನ ಆಯ್ತು ಊರು ಬಿಟ್ಟು" ಎಂದು ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಕಾಗದ ಬರ್ಲಿಲ್ಲ ಅಂದ್ರೆ ನಾನು ಬದುಕ್ತಿರಲಿಲ್ಲ. ಸರ್ಕಾರದವರು ಅವನ ಸುದ್ದಿನೇ ಇಲ್ಲ ಅಂತ ಬರೆದವ್ರೆ. ನಮ್ಮೂರ್ನಾಗೆ ಎಲ್ಲಾರೂ ಹೋದ ಅಂದ್ರು. ನಾನು ನಿಮ್ಮ ಕಾಗದ ತೋರಿಸ್ದೆ, ಬೆಚ್ಚಗವ್ನೆ ನನ್ನ ಮಗ ಅಂದೆ. ಒಂದ್ಸಲ ಮುಟ್ಟಿ ನೋಡಿ ಹೋಯ್ತೀನಿ. ನಾಕು ಗಂಟೆ ಗಾಡಿಗೆ ಹೊಂಟೋಯ್ತೀನಿ, ನಿಮಗೆ ತೊಂದ್ರೆ ಕೊಡಾಕಿಲ್ಲ."

ಆಗ ಹೇಳಬಹುದಿತ್ತು. ಆ ಕೈಗಳನ್ನು ಹಿಡಿದುಕೊಂಡೇ, ತಪ್ಪಾಯ್ತು ತಾಯಿ ಎಂದುಬಿಡಬಹುದಿತ್ತು. "ಕೈಕಾಲ ತೊಳಕೊಂಡ ಬರ್ರಿ, ತರ್ತೀನಿ" ಎಂದೆ. ಹಿತ್ತಲ ಬಚ್ಚಲಿಗೆ ಕಳಿಸಿ ಒಳಗೋಡಿದೆ. ದಸರೆಗೆ ಊರಿಗೆ ಹೋದ ಗಿರಾಕಿಗಳು ಇನ್ನೂ ಬಂದಿರಲಿಲ್ಲ, ಅವತ್ತು ಖಾನಾವಳಿಗೆ ರಜೆ ಹಾಕಿದ್ದೆ. ದೊಡ್ಡ ಒಲೆ ಹೊತ್ತಿಸಿರಲಿಲ್ಲ, ಗೂಡು ತಣ್ಣಗಿತ್ತು. ಸಣ್ಣ ಒಲೆಯಲ್ಲಿ ಆಗಷ್ಟೇ ರೊಟ್ಟಿ ಬೇಯಿಸಿದ ಕೆಂಡವಿತ್ತು. ಲೋಟವನ್ನು ಬಿಸಿ ಬೂದಿಯಲ್ಲಿ ಹೂತೆ. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಇಕ್ಕಳದಿಂದ ಎಳೆದು, ಸೆರಗಿನಿಂದ ಒರೆಸಿ, ಓಡಿಬಂದು ಮಾಡದಲ್ಲಿಟ್ಟೆ.

ಸಣ್ಣತಾಯಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಮಾಡದ ಮುಂದೆ ನಿಂತಳು. ಓದು ಬಾರದಿದ್ದರೂ ನಾನು ತೋರಿಸಿದ ಹೆಸರಿನ ಮೇಲೆ ಒಂದು ಸಲ ಬೆರಳಾಡಿಸಿ, ಎರಡೂ ಕೈಯಿಂದ ಲೋಟವನ್ನು ಎತ್ತಿಕೊಂಡಳು. ಮಗ ಹಿಡಿದಂತೆಯೇ ಹಿಡಿದಳು. ಮರುಗಳಿಗೆ ಅವಳ ಮುಖ ಬದಲಾಯಿತು.

"ಅಯ್ಯೋ, ಸುಡ್ತಾ ಅದಲ್ಲವ್ವ!" ಎಂದಳು.

ಸಿಕ್ಕಿಬಿದ್ದೆ ಎಂದುಕೊಂಡೆ. ನಿಜ ಹೇಳಲೇ, ಸಿಕ್ಕಿಬಿದ್ದದ್ದಕ್ಕೆ ಒಂದು ಕ್ಷಣ ಹಾಯೆನಿಸಿತು.

"ಜ್ವರ ಬಂದದೆ ನನ್ನ ಮಗನಿಗೆ" ಎಂದಳು ಸಣ್ಣತಾಯಮ್ಮ. "ಅವನೇ ಬರೆದಿದ್ದ, ನನಗೆ ಜ್ವರ ಬಂದ್ರೆ ಲೋಟಕ್ಕೂ ಬತ್ತದೆ ಕಣವ್ವ ಅಂತ. ಅಯ್ಯಯ್ಯೋ, ಹಿಂಗೆ ಸುಡ್ತಾವ್ನೆ, ಯಾರವ್ರೆ ಅಲ್ಲಿ ಅವನ್ನ ನೋಡ್ಕೊಳಾಕೆ? ಸಣ್ಣೋನಿದ್ದಾಗ್ಲೂ ಹಿಂಗೇ, ಬಂದ್ರೆ ಕೆಂಡದಂತಾ ಜ್ವರ. ಒಂದು ಬಟ್ಟೆ ಕೊಡಿ, ಬಿರ್ರನೆ ಒಂದು ಚೊಂಬು ನೀರು ಕೊಡಿ!"

ನಾನು ಅಲ್ಲಾಡಲಿಲ್ಲ. ನೀರು ತಂದುಕೊಟ್ಟದ್ದು ತುಳಜವ್ವ. ಸಣ್ಣತಾಯಮ್ಮ ನೆಲದ ಮೇಲೆ ಕಾಲು ನೀಡಿ ಕೂತು, ಲೋಟವನ್ನು ಮಡಿಲಲ್ಲಿ ಮಲಗಿಸಿಕೊಂಡಳು. ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಅದರ ಸುತ್ತ ಹಾಕಿದಳು. ಬಟ್ಟೆ ಬಿಸಿಯಾದ ಕೂಡಲೇ ತೆಗೆದು ಮತ್ತೆ ಅದ್ದಿದಳು. ಬಾಯಲ್ಲಿ ಮೆಲ್ಲಗೆ ಏನೋ ಹೇಳಿಕೊಳ್ಳುತ್ತಿದ್ದಳು: "ಇಳೀತದೆ ಮಗ, ಈಗ ಇಳೀತದೆ, ಕಣ್ಣು ಮುಚ್ಕೊ." ಜ್ವರ ಇಳಿಸುತ್ತಿರುವ ತಾಯಿಗೆ, ಬಿಡವ್ವ, ಅದು ನನ್ನ ಒಲೆಯ ಬೂದಿ ಎಂದು ಹೇಗೆ ಹೇಳುವುದು? ಹೇಳದೆ ಹೇಗೆ ಇರುವುದು?

ಬೂದಿಯ ಬಿಸಿ ಎಷ್ಟು ಹೊತ್ತು ಇದ್ದೀತು? ಅರ್ಧ ತಾಸಿನಲ್ಲಿ ಇಳಿಯಿತು. ಸಣ್ಣತಾಯಮ್ಮನ ಮುಖ ಅರಳಿತು. "ನೋಡಿ, ನೋಡಿ, ಬಿಡ್ತು!" ಎಂದು ಲೋಟವನ್ನು ತುಳಜವ್ವನ ಕೈಗೆ ಕೊಟ್ಟಳು. ತುಳಜವ್ವ ಅದನ್ನು ಎರಡೂ ಅಂಗೈಯಲ್ಲಿ ಹಿಡಿದಳು. ಏಳು ತಣ್ಣನೆಯ ಲೋಟ ಹಿಡಿದ ಕೈ ಅದು. ಬಗ್ಗಿ ಕೊರೆದ ಹೆಸರನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. "ಹೌದವಾ, ಇಳದೈತಿ" ಎಂದು ತುಳಜವ್ವ ಲೋಟವನ್ನು ತಾಯಿಯ ಕೈಗೆ ವಾಪಸು ಕೊಟ್ಟಳು.

"ಇಳಿದ ಮ್ಯಾಲೆ ಚಳಿ ಆಯ್ತದೆ ಅವನಿಗೆ" ಎಂದು ಸಣ್ಣತಾಯಮ್ಮ ಲೋಟವನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಊಟ ಬಡಿಸಿದರೂ ಒಂದೇ ಕೈಯಲ್ಲಿ ಉಂಡಳು, ಇನ್ನೊಂದು ಕೈ ಹೊಟ್ಟೆಯ ಮೇಲೆ. ಮಜ್ಜಿಗೆ ಕುಡಿದು ನಕ್ಕಳು. "ಉಪ್ಪು ಜಾಸ್ತಿ ಅಂತ ಬರೆದಿದ್ದ ಬಡ್ಡಿಮಗ. ಸರಿಯಾಗೇ ಅದೆ ಕಣವ್ವ, ಅವನ ಮಾತು ಕೇಳ್ಬೇಡಿ." ಮಗ ಮೂರು ವರ್ಷದವನಿದ್ದಾಗ ಕೆರೆಗೆ ಬಿದ್ದದ್ದು, ಎಮ್ಮೆಯ ಬಾಲ ಹಿಡಿದು ಮೇಲೆ ಬಂದದ್ದು, ಗಟ್ಟಿ ಜೀವ ಅವನದು, ಎಲ್ಲ ಹೇಳಿದಳು. ನಾಲ್ಕು ಗಂಟೆಯ ಗಾಡಿಯ ಹೊತ್ತಾಯಿತು. ಪ್ಲಾಟ್‌ಫಾರ್ಮಿನ ತನಕ ಲೋಟ ಅವಳ ಹೊಟ್ಟೆಯ ಹತ್ತಿರವೇ ಇತ್ತು. ಗಾಡಿ ಹತ್ತಿದ ಮೇಲೆ ಕಿಟಕಿಯಿಂದ ಅದನ್ನು ತೆಗೆದು ನನ್ನ ಕೈಯಲ್ಲಿಟ್ಟಳು.

"ಈಗ ನೋಡಿ, ಸರಿಯಾಗಿ ನನ್ನ ಮೈಯಷ್ಟೇ ಬೆಚ್ಚಗವ್ನೆ. ಜೋಪಾನ ಕಣವ್ವ, ನಿಮ್ಮ ಕೈಲಿ ಬಿಟ್ಟು ಹೋಯ್ತಾ ಇವ್ನಿ."

ಗಾಡಿ ಹೊರಟಿತು. ಲೋಟ ನಿಜವಾಗಿಯೂ ಬೆಚ್ಚಗಿತ್ತು. ಅದು ಅವಳ ಬಿಸುಪು, ಅವಳ ಹೊಟ್ಟೆಯದು. ನಾನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ. ಕೊನೆಯ ಡಬ್ಬಿ ಸಿಗ್ನಲ್ ದಾಟುವ ಮೊದಲೇ ಅದು ಆರಿಹೋಯಿತು. ಪಕ್ಕದಲ್ಲಿ ತುಳಜವ್ವ ನಿಂತಿದ್ದಳು. ಬೈಯುತ್ತಾಳೆ, ಉಗಿಯುತ್ತಾಳೆ, ಊರ ಮುಂದೆ ನಿಲ್ಲಿಸುತ್ತಾಳೆ ಎಂದು ಕಾದೆ.

"ಅಕ್ಷರದಾಗ ಬೂದಿ ಕುಂತೈತಿ, ನಿಂಬೆವ್ವ. ತೊಳಿ" ಎಂದಳು. ಸೆರಗು ಹೊದ್ದು ಹೋದಳು. ಇಷ್ಟು ವರ್ಷವಾಯಿತು, ಆ ವಿಷಯವಾಗಿ ಅವಳು ಆಡಿದ್ದು ಅದೊಂದೇ ಮಾತು.

ಮರುದಿನ ಮುಂಜಾನೆ ಐದೂ ಲೋಟಗಳನ್ನು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದೆ. ಎಲ್ಲರೂ ಕೇಳಲಿ, ಕೇಳಿದವರಿಗೆಲ್ಲ ಹೇಳುತ್ತೇನೆ, ಮುಚ್ಚಿಟ್ಟಿದ್ದೆ ಎಂದೇ ಹೇಳುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಬಾಗಿಲಲ್ಲಿ ಕೂತೆ. ಮೊದಲು ಬಂದವಳು ಹೂವಿನವಳು. ಐದು ಲೋಟ ನೋಡಿದ್ದೇ, "ಅಯ್ಯ ನಮ್ಮವ್ವಾ, ಒಂದ ದಿನಕ್ಕ ಐದ!" ಎಂದು ಎದೆ ಬಡಿದುಕೊಂಡಳು. ಎಲ್ಲೋ ದೊಡ್ಡ ಕಾಳಗವಾಗಿದೆ, ನಿಂಬೆವ್ವನ ಐದು ಮಕ್ಕಳು ಒಂದೇ ದಿನ ಹೋದರು ಎಂದು ತಾಸಿನೊಳಗೆ ಊರೆಲ್ಲ ಸುದ್ದಿ. ಹೆಂಗಸರು ಬಂದು ನನ್ನ ತಬ್ಬಿ ಅತ್ತರು. ಸೂತಕದ ಮನೆಗೆ ತಂದ ಹಾಗೆ ರೊಟ್ಟಿ, ಜುಣಕ ತಂದಿಟ್ಟರು. ಹೇಳಬೇಕೆಂದು ಕೂತವಳು ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಅವರ ರೊಟ್ಟಿ ತಿಂದೆ. ಅದೂ ಗಂಟಲಲ್ಲಿ ಇಳಿಯಿತು. ಮುಂದಿನ ಮಂಗಳವಾರದಿಂದ ಸೊಂಟ ಹಿಡಿದಿದೆ ಎಂದು ಹೇಳಿ ರೈಲಿಗೆ ಹೋಗುವುದು ಬಿಟ್ಟೆ, "ತುಳಜವ್ವನ ಕಡೆ ಕುಡೀರಿ" ಎಂದು ಹೇಳಿಕಳಿಸಿದೆ. ಯಾಕೆ ಎಂದು ಮಾತ್ರ ಹೇಳಲಿಲ್ಲ. ನಿಂಬೆವ್ವ ದುಃಖದಲ್ಲಿ ಮುರಿದುಹೋದಳು ಎಂದರು ಜನ. ಯುದ್ಧ ಮುಗಿದ ಮೇಲೆ, ಮೊದಲು ತೆಗೆಸಿದ್ದ ಫೋಟೋ ಹುಡುಕಿ ಸ್ಟೇಷನ್ನಿನಲ್ಲಿ ತೂಗುಹಾಕಿದ್ದು ಆ ದುಃಖಕ್ಕೇ.

ಐದು ಕಾರ್ಡು ಬರೆದೆ. ನಾಲ್ಕರಲ್ಲಿ ದಿನ ಹಾಕಿದೆ. ಐದನೆಯದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಲೋಟ ಪಂಚಮಿಗೆ ಮುಂಚೆಯೇ ತಣ್ಣಗಾಗಿತ್ತು, ನೀವು ಬಂದ ದಿನದ ಬಿಸಿ ನನ್ನ ಒಲೆಯದು, ನನ್ನನ್ನು ಕ್ಷಮಿಸಬೇಡಿ. ಒಂದು ತಿಂಗಳಾದ ಮೇಲೆ ಉತ್ತರ ಬಂತು. ಅದೇ ಮೇಷ್ಟರ ಕೈಬರಹ, ಅದೇ ಹೆಬ್ಬೆಟ್ಟು. ಬೈಗುಳವಿರಲಿಲ್ಲ. ಶಾಪವಿರಲಿಲ್ಲ. 'ದಿನ ಬರೆಯುವುದು ಮರೆತಿದ್ದೀರಿ. ಎಡೆ ಇಡಬೇಕು. ಯಾವ ದಿನ ಎಂದು ತಿಳಿಸಬೇಕು.'

ಆ ಕಾರ್ಡನ್ನು ಎಷ್ಟು ದಿನ ಕೈಯಲ್ಲಿ ಹಿಡಿದು ಕೂತೆನೋ. ಒಂದು ದಿನ ಬರೆದು ಕಳಿಸಿದ್ದರೆ ಅವಳು ನಂಬುತ್ತಿದ್ದಳು. ನಾನು ಬರೆದದ್ದನ್ನೆಲ್ಲ ನಂಬಿದವಳೇ ಅಲ್ಲವೇ. 'ದಿನ ನನಗೆ ಗೊತ್ತಿಲ್ಲ ತಾಯಿ. ನಾನು ಮುಟ್ಟಿ ನೋಡಿರಲಿಲ್ಲ' ಎಂದು ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ಪುಟ್ಟಮಾದನ ಲೋಟ ನನ್ನ ಹತ್ತಿರವೇ ಇದೆ. ದಿನ ಗೊತ್ತಿಲ್ಲವಾದ್ದರಿಂದ ದಿನಾ ಎಡೆ ಇಡುತ್ತೇನೆ. ಮಧ್ಯಾಹ್ನ, ಹಿಂದೆ ರೈಲು ಬರುತ್ತಿದ್ದ ಹೊತ್ತಿಗೆ, ಅದರ ತುಂಬ ಮಜ್ಜಿಗೆ ಹಾಕಿ ಕಟ್ಟೆಯ ಮೇಲಿಡುತ್ತೇನೆ. ಉಪ್ಪು ಕಡಿಮೆ ಹಾಕುತ್ತೇನೆ. ಮುಂಜಾನೆ ಎದ್ದು ಮುಖ ತೊಳೆಯುವ ಮೊದಲು ಮುಟ್ಟಿಯೂ ನೋಡುತ್ತೇನೆ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ.